ನಮ್ಮದಲ್ಲದ ಮನೆಗೆ ಹೆಂಚು ಕೈಯಾಡಿಸಿದ ವರ್ಷ

ಮೊನ್ನೆ ಕಿಕ್ಕೇರಿಯಲ್ಲಿ ಶಾಲೆ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ರಸ್ತೆಯ ಆಚೆ ಬದಿ ಒಂದು ಹಳೇ ಮನೆಯ ಮಾಡು ಬಿಚ್ಚುತ್ತಿದ್ದರು. ಮೇಲೆ ಕೂತವನು ನಾಡಹೆಂಚುಗಳನ್ನು ಐದೈದಾಗಿ ಜೋಡಿಸಿ ಕೊಡುತ್ತಿದ್ದ, ಕೆಳಗಿದ್ದವಳು ಮೂಗಿಗೆ ಸೆರಗು ಕಟ್ಟಿಕೊಂಡು ಈಸಿಕೊಳ್ಳುತ್ತಿದ್ದಳು. ಯಾವ ಕಾಲದ್ದೋ ಧೂಳು, ಒಲೆಯ ಮಸಿ, ಇಲಿ ಪಿಕ್ಕೆ, ಒಣಗಿದ ಗುಬ್ಬಿಗೂಡು ಎಲ್ಲ ಬೆರೆತ ವಾಸನೆ ಎದ್ದು ಸೀದಾ ನನ್ನ ಮೂಗಿಗೇ ಬಂತು. ಮೂರು ಸಲ ಸೀನಿದೆ. ಪಕ್ಕದಲ್ಲಿದ್ದ ಹೆಂಗಸು, "ಈಚೆಗ್ ಬನ್ನಿ ಮೇಡಮ್ಮು, ಧೂಳು" ಅಂದಳು. ನಾನು ಈಚೆಗೆ ಬರುವುದು ಬಿಟ್ಟು ಇನ್ನೂ ನಾಲ್ಕು ಹೆಜ್ಜೆ ಆಚೆಗೇ ಹೋಗಿ ನಿಂತೆ. ಮಲ್ಲಿಗೆ, ಸಂಪಿಗೆ ಅಂತ ಜನ ಏನೇನೋ ಹೇಳಿಕೊಳ್ಳಲಿ, ನನಗೆ ಆ ವಾಸನೆ ಎಂದರೆ ಪ್ರಾಣ. ಬಸ್ಸು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಆ ವಾಸನೆಯ ನಂಟು ಶುರುವಾಗಿ ಕೆಲವು ವರ್ಷವಾಯಿತು. ಆಗ ನಾನು ಪಾಂಡವಪುರದ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಜೂನ್ ತಿಂಗಳಲ್ಲಿ ಕರೆಯುತ್ತಾರೆ, ಮಾರ್ಚಿನಲ್ಲಿ ಕಳಿಸುತ್ತಾರೆ, ನಡುವೆ ಸಂಬಳ ಬಂದಾಗ ಬಂತು. ನನ್ನ ಗಂಡ ಮಹೇಶ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ. ಮದುವೆಯಾಗಿ ಮೂರು ವರ್ಷವಾಗಿತ್ತು. ಒಂದು ಮನೆಯ ಮಹಡಿಯ ಮೇಲೆ ಸಿಮೆಂಟ್ ಶೀಟು ಹೊದಿಸಿದ ಒಂದೂವರೆ ರೂಮಿನಲ್ಲಿ ಬಾಡಿಗೆಗಿದ್ದೆವು. ಬೇಸಿಗೆಯಲ್ಲಿ ಅಲ್ಲಿ ಹಪ್ಪಳ ಒಣಗಿಸಲು ಹೊರಗೆ ಹೋಗಬೇಕಾಗಿರಲಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಓನರಮ್ಮನ ಕಟ್ಟಪ್ಪಣೆ ಬೇರೆ. ಊರವರ ಗೋಡೆಗಳನ್ನೆಲ್ಲ ಕೊರೆದು ಸ್ವಿಚ್ ಬೋರ್ಡು ಕೂರಿಸುವ ನನ್ನ ಗಂಡನಿಗೆ ತಾನು ಮಲಗುವ ರೂಮಿನಲ್ಲಿ ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯುವ ಹಕ್ಕಿರಲಿಲ್ಲ. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದೆ. ಗಾಳಿ ಬಂದಾಗಲೆಲ್ಲ ತಿಂಗಳು ಬದಲಾಗುತ್ತಿತ್ತು.

ಮಾರ್ಚಿನಲ್ಲಿ, ಪರೀಕ್ಷೆಯ ದಿನಗಳಲ್ಲಿ, ಬೇಗ ಶಾಲೆ ಸೇರಬೇಕೆಂದು ಒಂದು ದಿನ ಸಂತೆಮಾಳದ ಹಿಂದಿನ ಬೀದಿಯಲ್ಲಿ ಅಡ್ಡ ಹಾಯ್ದೆ. ಅಲ್ಲಿ ಆ ಮನೆ ಇತ್ತು. ಬಾಗಿಲ ಮೇಲೆ ಇದ್ದಿಲಲ್ಲಿ "ಮಾರಾಟಕ್ಕಿದೆ" ಎಂದು ಬರೆದು ಕೆಳಗೆ ಫೋನ್ ನಂಬರು ಹಾಕಿದ್ದರು. ಮಾಡು ನಡುವೆ ಕುಸಿದು ಮುದಿ ಕುದುರೆಯ ಬೆನ್ನಿನಂತಾಗಿತ್ತು. ಗೋಡೆಯ ಸಂದಿಯಲ್ಲಿ ಅರಳಿ ಗಿಡ. ಜಗುಲಿಯ ಮೇಲೆ ಎರಡು ಆಡು ಯಜಮಾನರಂತೆ ಮಲಗಿದ್ದವು. ಆದರೆ ಆ ಜಗುಲಿಗೆ ಎರಡು ಮರದ ಕಂಬಗಳಿದ್ದವು, ಹಿತ್ತಿಲಲ್ಲಿ ನುಗ್ಗೆ ಮರದ ತಲೆ ಕಾಣುತ್ತಿತ್ತು, ಮೂಡಲ ಬಿಸಿಲು ಬಾಗಿಲಿಗೇ ಬೀಳುತ್ತಿತ್ತು. ನನಗೆ ಆ ಮನೆ ಬೇಕು ಅನಿಸಿತು. ಬೇಕು ಎಂದರೆ, ಹಸಿದಾಗ ಅನ್ನ ಬೇಕು ಅನಿಸುತ್ತದಲ್ಲ, ಅಷ್ಟು ಬೇಕು. ಅವತ್ತು ಶಾಲೆಗೆ ತಡವಾಗಿಯೇ ಹೋದೆ.

ಸಂಜೆ ಮಹೇಶನಿಗೆ ಹೇಳಿದೆ. ಅವನು ಉಣ್ಣುತ್ತಿದ್ದ ಮುದ್ದೆಯನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದ.

"ಬಾಡ್ಗೆ ಕೊಡಕ್ಕೇ ತಿಂಗ್ಳೆಲ್ಲಾ ಎಣಗಾಡ್ತೀವಿ. ಮನೆ ಬೇಕಂತೆ, ಮನೆ!"

"ನೋಡಕ್ಕೇನ್ರೀ? ನೋಡ್ಕಂಡ್ ಬಂದ್ಬುಡಣ."

"ನೋಡುದ್ರೆ ನೀನು ಬುಟ್ಟೀಯಾ?"

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅವನೇ ಆ ಬಾಗಿಲ ಮೇಲಿನ ನಂಬರಿಗೆ ಫೋನ್ ಮಾಡಿದ.

ಮನೆ ಅಮೀರ್ ಸಾಬರದು. ಅವರು ಶ್ರೀರಂಗಪಟ್ಟಣದಲ್ಲಿ ಗೂಡ್ಸ್ ಟೆಂಪೋ ಇಟ್ಟುಕೊಂಡಿದ್ದರು. ಇದು ಅವರ ತಾಯಿ ಇದ್ದ ಮನೆ. ತಾಯಿ ತೀರಿಕೊಂಡ ಮೇಲೆ ಬೀಗ ಬಿದ್ದಿತ್ತು. ಅವರಿಗೂ ನಾಗಮಂಗಲಕ್ಕೆ ಕೊಟ್ಟಿದ್ದ ಅವರ ತಂಗಿಗೂ ಅದರಲ್ಲಿ ಸಮಪಾಲು. "ನೋಡ್ಕಳಿ, ನೋಡೋಕೇನು ಕಾಸಾ? ಬೀಗದ ಕೈ ಎದುರುಗಡೆ ರಾಗಿ ಮಿಲ್ಲಿನ ಜಯಕ್ಕನ ಹತ್ರ ಅದೆ" ಅಂದರು.

ಆ ಒಂದು ಮಾತು ಸಾಕಾಯಿತು. ಆಮೇಲೆ ಪ್ರತಿ ಭಾನುವಾರ ನಾವು ಆ ಮನೆ ನೋಡಲು ಹೋದೆವು. ಮೊದಲ ವಾರ ಜಯಕ್ಕ ಸುಮ್ಮನೆ ಬೀಗದ ಕೈ ಕೊಟ್ಟಳು. ನಾಲ್ಕನೇ ವಾರ, ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತಾ, "ಬಂದ್ರಾ ಓನರ್ರು! ಇನ್ನೇನು ನೋಡೋದು ಉಳ್ಕಂಡದೆ? ಇಲಿ ಬಿಲ ಎಣಸ್ಕಂಡ್ ಬತ್ತೀರಾ?" ಅಂದಳು. ಅಡ್ಡ ಬಾಯಿಯ ಹೆಂಗಸು, ಆದರೆ ನಮಗೆಂದು ಒಳಗೆ ಒಂದು ಪೊರಕೆ ತಂದಿಟ್ಟಿದ್ದಳು.

ಸಾಲಕ್ಕೆಂದು ಒಮ್ಮೆ ಬ್ಯಾಂಕಿಗೂ ಹೋಗಿಬಂದೆವು. ಅಲ್ಲಿಯ ಆಫೀಸರು ಸಂಭಾವಿತರು. ನನ್ನ ಕೆಲಸ ಏನೆಂದು ಕೇಳಿದರು, ಮಹೇಶನ ಕೆಲಸ ಏನೆಂದು ಕೇಳಿದರು, ಆಮೇಲೆ ಕುಡಿಯಲು ನೀರು ಕೊಟ್ಟರು. ಅಷ್ಟರಲ್ಲಿ ನಮಗೆ ಅರ್ಥವಾಯಿತು. ಕೆಲಸ ಖಾಯಂ ಆಗಬೇಕು, ಆಗ ಬನ್ನಿ ಅಂದರು. ಖಾಯಂ ಆಗುವುದು ಯಾವಾಗ ಎಂದು ದೇವರಿಗೂ ಗೊತ್ತಿರಲಿಲ್ಲ. ಬುದ್ಧಿ ಇರುವವರಾಗಿದ್ದರೆ ಅಲ್ಲಿಗೆ ಕೈ ಬಿಡುತ್ತಿದ್ದರು. ನಾವು ಬ್ಯಾಂಕಿನಿಂದ ಸೀದಾ ಹೋಗಿ ಜಯಕ್ಕನ ಹತ್ತಿರ ಬೀಗದ ಕೈ ಕೇಳಿದೆವು.

ಅವತ್ತೇ ನಾನು ಚೀಲದಲ್ಲಿದ್ದ ಸೀಮೆಸುಣ್ಣ ತೆಗೆದದ್ದು. ಶಾಲೆಯ ಸೀಮೆಸುಣ್ಣ, ಸುಳ್ಳೇಕೆ ಹೇಳಲಿ. ನಡುಮನೆಯ ನೆಲದ ಮೇಲೆ ಮಂಚ ಬರೆದೆ. ಮೂಲೆಯಲ್ಲಿ ಬೀರು, ಕಿಟಕಿಯ ಕೆಳಗೆ ನಾನು ಓದುವ ಮೇಜು, ಅಡುಗೆಮನೆಯಲ್ಲಿ ಒಲೆ, ಹಿತ್ತಿಲ ಬಾಗಿಲ ಪಕ್ಕ ನೀರಿನ ಡ್ರಮ್ಮು. ಎಲ್ಲವನ್ನೂ ಅಳತೆ ಮಾಡಿ, ನೋಟ್ಸು ಬರೆಸುವ ಅಚ್ಚುಕಟ್ಟಿನಲ್ಲಿ ಬರೆದು, ಒಳಗೆ ಹೆಸರೂ ಬರೆದೆ. ಮಹೇಶ ಬಾಗಿಲಿಗೆ ಒರಗಿ, "ತಲೆ ಕೆಟ್ಟದೆ ನಿಂಗೆ" ಎಂದು ನಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ನನ್ನ ಕೈಯಿಂದ ಒಂದು ತುಂಡು ಕಿತ್ತುಕೊಂಡು ಗೋಡೆಯ ಮೇಲೆ ಸ್ವಿಚ್ ಬೋರ್ಡು ಬರೆಯುತ್ತಿದ್ದಾನೆ. "ಮೇಜಿನ ಪಕ್ಕ ಒಂದು ಪ್ಲಗ್ಗು. ಇಲ್ಲಿ ಟ್ಯೂಬ್ ಲೈಟು. ಜಗುಲಿಗೆ ಒಂದು ಹಳದಿ ಬಲ್ಬು." ಬರೆಯುತ್ತಾ ಬರೆಯುತ್ತಾ ಹಿತ್ತಿಲ ತನಕ ಹೋದ. ಆ ಮನೆಯ ಹುಚ್ಚು ನನಗಿಂತ ಅವನಿಗೇ ಒಂದು ಕೈ ಹೆಚ್ಚು ಎಂದು ನನಗೆ ಗೊತ್ತಾದದ್ದು ಆಗ. ಅಂಥ ಖುಷಿಯನ್ನು ನಾನು ನನ್ನ ಮದುವೆಯ ದಿನವೂ ಪಟ್ಟಿರಲಿಲ್ಲ.

ಮೇ ತಿಂಗಳು ಬಂತು. ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಹೊಡೆದು ಮಾಡಿನ ಒಂದು ಮೂಲೆಯ ಹೆಂಚುಗಳು ಜಾರಿದವು. ಭಾನುವಾರ ಹೋಗಿ ನೋಡಿದರೆ ನನ್ನ ಮಂಚ ಅರ್ಧ ಅಳಿಸಿಹೋಗಿತ್ತು, ಗೋಡೆ ಒದ್ದೆಯಾಗಿತ್ತು. ಮಣ್ಣಿನ ಗೋಡೆ ಒಂದು ಮಳೆಗಾಲ ನೆನೆದರೆ ಕತೆ ಮುಗಿಯಿತು. ನಾವು ಕೊಳ್ಳುವಷ್ಟರಲ್ಲಿ ಕೊಳ್ಳಲು ಮನೆಯೇ ಇರುವುದಿಲ್ಲ. ಮುಂಗಾರಿಗೆ ಮುಂಚೆ ನಾಡಹೆಂಚಿನ ಮನೆಗಳಿಗೆ ಹೆಂಚು ಕೈಯಾಡಿಸುವುದು ನಮ್ಮ ಕಡೆ ವರ್ಷ ವರ್ಷದ ಕೆಲಸ. ಎಲ್ಲ ಹೆಂಚು ತೆಗೆದು, ಕಸ ಗುಡಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸುತ್ತಾರೆ. ಆ ಮನೆಗೆ ಅದು ನಡೆದು ಎಷ್ಟೋ ವರ್ಷವಾಗಿತ್ತು.

"ಸಾಬ್ರುಗೆ ಒಂದು ಮಾತು ಕೇಳಣ" ಅಂದ ಮಹೇಶ.

"ಕೇಳುದ್ರೆ ಬ್ಯಾಡ ಅಂದ್ಬುಟ್ರೆ?" ಅಂದೆ ನಾನು. ಹೀಗಾಗಿ ಕೇಳಲಿಲ್ಲ. ತಪ್ಪು ನನ್ನದೇ.

ಹೆಂಚು ಕೈಯಾಡಿಸುವುದರಲ್ಲಿ ನಮ್ಮ ಮಾವ ಚಿಕ್ಕಣ್ಣನವರದು ಎತ್ತಿದ ಕೈ. ನಾಗಮಂಗಲದ ಕಡೆ ಅವರೂರಿನಲ್ಲಿ ಅರ್ಧ ಊರಿನ ಮಾಡು ಅವರ ಕೈಯಲ್ಲೇ ಆದದ್ದು. ಮಹೇಶ ಫೋನಿನಲ್ಲಿ, "ಒಂದು ಮನೆಗೆ ಹೆಂಚು ಕೈಯಾಡುಸ್ಬೇಕು, ಬಾಪ್ಪ" ಎಂದಷ್ಟೇ ಹೇಳಿದ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಮಾವ ಇಳಿದರು, ತಮ್ಮ ಕೊಟ್ಟಿಗೆಯ ಹಳೇ ಹೆಂಚು ತುಂಬಿದ ಎರಡು ಗೋಣಿಚೀಲದ ಸಮೇತ. ಆ ಚೀಲಗಳಿಗಾಗಿ ಕಂಡಕ್ಟರಿನ ಜೊತೆ ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದಿದ್ದರು.

ಒಂಬತ್ತಕ್ಕೆಲ್ಲ ಮಾಡು ಹತ್ತಿ ಕೂತರು. ಹನ್ನೊಂದರ ಹೊತ್ತಿಗೆ ಅರ್ಧ ಮಾಡು ಬಿಚ್ಚಿಯಾಗಿತ್ತು. ನಾನೂ ಮಹೇಶನೂ ಕೆಳಗೆ ಹೆಂಚು ಈಸಿಕೊಂಡು, ಉಜ್ಜಿ, ಸಾಲು ಮಾಡುತ್ತಿದ್ದೆವು. ಮೈಯೆಲ್ಲ ಮಸಿ, ಸೀನಿ ಸೀನಿ ಕಣ್ಣಲ್ಲಿ ನೀರು. ಮೇಲಿನಿಂದ ಮಾವ ಖುಷಿಯಾಗಿ ಮಾತಾಡುತ್ತಲೇ ಇದ್ದರು.

"ತೊಲೆ ಬೋ ಗಟ್ಟಿಯಾಗವೆ ಕಣವ್ವ. ಇಂಥ ಮರ ಈಗೆಲ್ಲಿ ಸಿಕ್ಕದು? ಒಳ್ಳೇದನ್ನೇ ತಗಂಡಿದ್ದೀರಿ. ರಿಜಿಸ್ಟ್ರು ಯಾವತ್ತಾಯ್ತು?"

ಮಹೇಶ ನನ್ನ ಮುಖ ನೋಡಿದ. ನಾನು ಏಣಿಯ ಮುಖ ನೋಡಿದೆ.

"ಇನ್ನೂ ಆಗಿಲ್ಲ ಕಣಪ್ಪ."

"ಅಡ್ವಾನ್ಸು ಕೊಟ್ಟಿದ್ದೀರಾ?"

"ಇಲ್ಲ."

"ಓನರ್‌ಗೆ ಯೋಳಾದ್ರೂ ಯೋಳಿದ್ದೀರಾ?"

ಮಹೇಶ ಉಜ್ಜಿಟ್ಟಿದ್ದ ಹೆಂಚನ್ನೇ ಮತ್ತೆ ಉಜ್ಜತೊಡಗಿದ. ಮಾವ ಕೈಯಲ್ಲಿದ್ದ ಹೆಂಚನ್ನು ನಿಧಾನಕ್ಕೆ ಕೆಳಗಿಟ್ಟರು.

"ಲೇ ಮಯೇಸ! ಯಾರ್ದೋ ಮನೆ ಮ್ಯಾಲೆ ನನ್ನ ಅತ್ತುಸ್ಬುಟ್ಟು ನೀನು ಕೆಳಗೆ ನಿಂತ್ಕಂಡಿದ್ದೀಯಲ್ಲೋ! ಪೋಲೀಸ್ನೋರು ಬಂದ್ರೆ ಮೊದ್ಲು ಕಾಣೋನು ನಾನು ಕಣ್ಲಾ!"

ಎದುರು ಮಿಲ್ಲಿನಲ್ಲಿ ಜಯಕ್ಕ ಮಿಷನ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಾವ ಮಗನಿಗೆ ಬಾಯಿಗೆ ಬಂದಂತೆ ಬೈದರು. ಸೊಸೆ ಎಂದು ನನ್ನನ್ನು ಬೈಯಲಿಲ್ಲ, ಆದರೆ ನನ್ನ ಪಾಲಿನದನ್ನೂ ಸೇರಿಸಿ ಮಗನಿಗೇ ಕೊಟ್ಟರು. ಇಳಿದು ಹೋಗಿಬಿಡುತ್ತಾರೆ ಎಂದುಕೊಂಡೆ. ಅವರು ಮೇಲುಕೋಟೆ ಬೆಟ್ಟದ ಕಡೆ ತಿರುಗಿ ನೋಡಿದರು. ಅಲ್ಲಿ ಮೋಡ ಕಪ್ಪಾಗುತ್ತಿತ್ತು.

"ಬಿಚ್ಚಿದ್ ಮಾಡ್ನ ಇಂಗೇ ಬುಟ್ಟೋದ್ರೆ ಪಾಪ ಸುತ್ಕಂತದೆ. ಯಾರ್ದಾದ್ರೂ ಆಗ್ಲಿ, ಮನೆ ಮನೆಯೇ. ಕೊಡ್ಲಾ ಹೆಂಚ, ಬಿರ್ರನೆ ಕೊಡು."

ಸಂಜೆಯ ಹೊತ್ತಿಗೆ ಕೊನೆಯ ಹೆಂಚು ಕೂತಿತು. ಮಾವ ಇಳಿದು ಕಾಲು ತೊಳೆಯುತ್ತಿದ್ದಂತೆ ಮಳೆ ಸುರಿಯತೊಡಗಿತು. ಮೂವರೂ ಖಾಲಿ ನಡುಮನೆಯಲ್ಲಿ ತಲೆಯೆತ್ತಿ ನಿಂತೆವು. ಮೇಲೆ ಮಳೆ ಬಡಿಯುತ್ತಿತ್ತು, ಒಳಗೆ ಒಂದು ಹನಿ ಇಲ್ಲ. ಆಮೇಲೆ ಅಡುಗೆಮನೆಯ ಬಾಗಿಲ ಹತ್ತಿರ ಒಂದೇ ಒಂದು ಕಡೆ ತೊಟ್ಟಿಕ್ಕಿತು. ಮಾವನಿಗೆ ಅವಮಾನವಾಯಿತು. ಮರುದಿನ ಅದನ್ನು ಸರಿ ಮಾಡಿಯೇ ಬಸ್ಸು ಹತ್ತಿದರು.

ಜೂನಿನಲ್ಲಿ ಮತ್ತೆ ಶಾಲೆಗೆ ಕರೆದರು. ಆಷಾಢ ಕಾಲಿಟ್ಟಿತು. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಕೊಳ್ಳುವುದಿಲ್ಲ. ಹೊಸದಾಗಿ ಮದುವೆಯಾದವರೆಲ್ಲ ಆ ತಿಂಗಳನ್ನು ಬೈದುಕೊಳ್ಳುತ್ತಾರೆ, ನಾನೊಬ್ಬಳು ಅದು ಮುಗಿಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮುಗಿಯಿತು. ಶ್ರಾವಣದ ಮೊದಲ ವಾರ ಜಯಕ್ಕ ಶಾಲೆಗೇ ಫೋನ್ ಮಾಡಿದಳು.

"ಟೀಚರಮ್ಮ, ಸಿಮೆಂಟು ಕಬ್ಬಿಣದ ಅಂಗಡಿಯೋರು ಮನೆ ನೋಡಕ್ ಬಂದವ್ರೆ. ಬೀಗದ ಕೈ ಸಿಕ್ತಿಲ್ಲ ಅಂದಿದ್ದೀನಿ. ರಾಗಿಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಿದ್ದೀನಿ. ಆದ್ರೆ ಸಾಬ್ರೇ ಬತ್ತಾವ್ರಂತೆ, ಅವ್ರ ತಾವ ಇನ್ನೊಂದು ಕೈ ಅದೆ. ಬೇಗ್ ಬಾ!"

ಊಟದ ಬಿಡುವಾಗಿತ್ತು. ಹೆಡ್‌ಮಾಸ್ಟರಿಗೆ ಏನು ಹೇಳಿದೆನೋ ನೆನಪಿಲ್ಲ, ಓಡಿದೆ. ನಾನು ಹೋಗುವಷ್ಟರಲ್ಲಿ ಅಮೀರ್ ಸಾಬರು ಬಾಗಿಲು ತೆಗೆದು ನಡುಮನೆಯಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಅಂಗಡಿಯವರು ಮಾಡು ನೋಡುತ್ತಾ, "ಪರವಾಗಿಲ್ವೆ, ಮಾಡು ಗಟ್ಟಿಯಾಗದೆ. ನಾಳೇನೇ ಮೂಟೆ ಇಳುಸ್ಬೋದು. ಎರಡು ವರ್ಷ ಬುಟ್ಟು ಕೆಡವುದ್ರಾಯ್ತು" ಅನ್ನುತ್ತಿದ್ದರು. ಇದೇ ಮನುಷ್ಯ ಯುಗಾದಿಯ ಹೊತ್ತಿಗೆ ಬಂದು, ಮಾಡು ಸರಿಯಿಲ್ಲ ಎಂದು ಮೂಗು ಮುರಿದು ಹೋಗಿದ್ದರಂತೆ. ಮನೆ ಬಿದ್ದುಹೋಗದಿರಲಿ ಎಂದು ನಾವು ಮಾಡಿದ ಕೆಲಸವೇ ಅದನ್ನು ಇನ್ನೊಬ್ಬರ ಕಣ್ಣಿಗೆ ಬೀಳುವಂತೆ ಮಾಡಿತ್ತು. ನಮ್ಮ ಕೈಯಾರೆ ನಾವೇ ಕಳೆದುಕೊಳ್ಳುತ್ತಿದ್ದೆವು.

ಅಮೀರ್ ಸಾಬರು ಮಾಡು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು. ಮಂಚ, ಬೀರು, ಮೇಜು, ಒಲೆ, ಡ್ರಮ್ಮು. ವಾರವಾರ ನಾನು ತಿದ್ದಿ ತಿದ್ದಿ ಇಟ್ಟಿದ್ದ ಗೆರೆಗಳು ಬೆಳ್ಳಗೆ ಕಾಣುತ್ತಿದ್ದವು.

"ಯಾರ್ ಕೆಲ್ಸ ಇದು?"

"ನಂದೇ ಸಾಬ್ರೆ."

"ಹೆಂಚು?"

"ಅದೂ ನಾವೇ."

"ಏನಮ್ಮ ಇದು! ನೋಡಕ್ಕೇಂತ ಬೀಗ ಕೊಟ್ರೆ ಸಂಸಾರಾನೇ ಹೂಡ್ಬುಟ್ಟಿದ್ದೀರಲ್ಲ! ನನ್ನ ಮನೆ ಮ್ಯಾಲೆ ಹತ್ತಕ್ಕೆ ನನ್ನ ಒಂದು ಮಾತು ಕೇಳ್ಬಾರ್ದಾ?"

ಅವರ ಸಿಟ್ಟು ನ್ಯಾಯವಾದದ್ದೇ. ನಾನು ತಲೆ ತಗ್ಗಿಸಿ ಕ್ಷಮಿಸಿ ಅನ್ನಬೇಕಾಗಿತ್ತು. ನನ್ನ ಹಾಳು ಬಾಯಿ ಹಾಗೆ ಅನ್ನಲಿಲ್ಲ. "ಕೇಳಿದ್ರೆ ನೀವು ಬ್ಯಾಡ ಅಂದಿರೋರು. ಕೇಳ್ದೇ ಇದ್ದಿದ್ದಕ್ಕೆ ನಿಮ್ಮ ಮನೆ ಇವತ್ತು ನಿಂತದೆ" ಅಂದುಬಿಟ್ಟೆ. ಅಂದ ಮೇಲೆ ಅಳು ಬಂತು. "ನಮ್ಮತ್ರ ಈಗ ಏನೂ ಇಲ್ಲ ಸಾಬ್ರೆ. ಆದ್ರೆ ಈ ಮನೆ ಬುಟ್ರೆ ನಂಗೆ ಬ್ಯಾರೆ ಮನೆ ಬ್ಯಾಡ" ಅಂದೆ.

ಅಂಗಡಿಯವರು ಗಡಿಯಾರ ನೋಡಿಕೊಂಡರು. ಅಮೀರ್ ಸಾಬರು ನೆಲದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು, "ತಂಗೀನ ಕೇಳ್ಬೇಕು. ಶುಕ್ರವಾರ ಯೋಳ್ತೀನಿ" ಎಂದು ಬೀಗ ಹಾಕಿದರು.

ಆ ನಾಲ್ಕು ದಿನ ನಾವು ಊಟ ಮಾಡಿದೆವು ಎನ್ನುವುದಷ್ಟೇ ಗೊತ್ತು, ಏನು ಉಂಡೆವು ಎಂದು ಗೊತ್ತಿಲ್ಲ. ಮಹೇಶ ಯಾರದೋ ಮನೆಯಲ್ಲಿ ಫ್ಯಾನಿನ ಸ್ವಿಚ್ಚಿಗೆ ಲೈಟು ಹೊತ್ತುವ ಹಾಗೆ ವೈರು ಕೊಟ್ಟು ಬೈಸಿಕೊಂಡು ಬಂದ.

ಶುಕ್ರವಾರ ನಮಾಜು ಮುಗಿದ ಮೇಲೆ ಟೆಂಪೋ ಬಂತು. ಅಮೀರ್ ಸಾಬರ ಪಕ್ಕದಲ್ಲಿ ಅವರ ತಂಗಿ ನೂರಕ್ಕ ಕೂತಿದ್ದರು. ದಪ್ಪನೆಯ ಹೆಂಗಸು, ನೋಟ ಮಾತ್ರ ಬಲು ಚುರುಕು. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಒಳಗೆ ಹೋದರು. ಚಪ್ಪಲಿ ಹೊರಗೇ ಬಿಟ್ಟಿದ್ದರು. ಮಂಚವನ್ನು ಬಳಸಿ, ಬೀರುವಿನ ಪಕ್ಕದಿಂದ ಹಾದು, ನನ್ನ ಒಂದು ಗೆರೆಯನ್ನೂ ತುಳಿಯದೆ ಅಡುಗೆಮನೆಗೆ ಹೋದರು. ನಿಜವಾದ ಸಾಮಾನು ಇರುವ ಮನೆಯಲ್ಲಿ ನಡೆದ ಹಾಗೆಯೇ ನಡೆದರು. ಅಲ್ಲಿ ಒಲೆಯ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು.

"ಒಲೆ ಇಲ್ಲಿಟ್ಟವ್ಳು ಯಾರು?"

"ನಾನಕ್ಕ."

"ಇಲ್ಲಿಟ್ರೆ ಸಂಜೆ ಬಿಸ್ಲು ಮೊಖಕ್ಕೇ ಒಡೀತದೆ. ಅಮ್ಮೀನೂ ಮೊದ್ಲು ಇಲ್ಲೇ ಇಟ್ಕಂಡಿದ್ಲು. ಎಲ್ಲಿ, ಚಾಕ್‌ಪೀಸ್ ಕೊಡು."

ನನ್ನ ಒಲೆಯನ್ನು ಕಾಲಿನಿಂದ ಉಜ್ಜಿ ಅಳಿಸಿ, ಗೋಡೆ ಹಿಡಿದು ಬಗ್ಗಿ, ಆಚೆ ಮೂಲೆಯಲ್ಲಿ ಹೊಸ ಒಲೆ ಬರೆದರು. ಸ್ವಲ್ಪ ಸೊಟ್ಟಗಿತ್ತು. ಆಮೇಲೆ ಎದ್ದು ಸೊಂಟ ಹಿಡಿದುಕೊಂಡು ಹೇಳಿದರು: "ಭಯ್ಯಾ, ಮೂಟೆ ಇಡೋನ್ಗೆ ಬ್ಯಾಡ."

"ಇವ್ರತ್ರ ದುಡ್ಡಿಲ್ಲ ಕಣೇ."

"ಇಲ್ದಿದ್ರೆ ಬಾಡ್ಗೆ ಕೊಟ್ಕಂಡ್ ಇರ್ಲಿ. ಆದಾಗ ತಗಳ್ಲಿ, ಬ್ಯಾರೇರ್ಗೆ ಕೊಡೋದ್ ಬ್ಯಾಡ. ಆದ್ರೆ ರೇಟು ಮಾತ್ರ ಆವತ್ತಿನ ರೇಟು, ಇವತ್ತಿಂದಲ್ಲ. ನಂಗೂ ಮಕ್ಳವೆ."

ಮಹೇಶ ಲೆಕ್ಕ ಹಾಕಿ, "ಅಂಗಾದ್ರೆ ನಾವು ಚೆನ್ನಾಗಿ ಇಟ್ಕಂಡಷ್ಟೂ ನಮ್ಗೇ ಜಾಸ್ತಿ ಬೀಳ್ತದಲ್ಲಕ್ಕ?" ಅಂದ.

"ಊಂ ಮತ್ತೆ! ಮನೆ ಆಳು ಬೀಳುಸ್ಕಳಿ, ಕಮ್ಮಿಗ್ ಕೊಡ್ತೀನಿ!"

ಬಾಗಿಲಲ್ಲಿ ನಿಂತಿದ್ದ ಜಯಕ್ಕ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕೆವು. ಅಮೀರ್ ಸಾಬರೂ ನಕ್ಕರು.

ಅದೇ ಶ್ರಾವಣದಲ್ಲಿ ನೂರಕ್ಕ ಬರೆದ ಮೂಲೆಯಲ್ಲಿ ಒಲೆ ಇಟ್ಟು ಹಾಲುಕ್ಕಿಸಿದೆವು. ಮಹೇಶ ಮೊದಲ ದಿನವೇ ಗೋಡೆಗೆ ಹದಿನಾರು ಮೊಳೆ ಹೊಡೆದ. ತೂಗುಹಾಕಲು ನಮ್ಮಲ್ಲಿ ಅಷ್ಟು ಸಾಮಾನೇ ಇರಲಿಲ್ಲ. ನಮ್ಮ ನಡುವೆ ಕಾಗದ ಪತ್ರ ಏನೂ ಇರಲಿಲ್ಲ, ಬರೀ ಬಾಯಿಮಾತು. ಯಾರಾದರೂ ಬೀದಿಯಲ್ಲಿ ನಿಂತು ಮನೆಯನ್ನು ಎರಡು ಸಲ ನೋಡಿದರೆ ನಾನು ಪೊರಕೆ ಹಿಡಿದು ಜಗುಲಿಗೆ ಬಂದು ನಿಲ್ಲುತ್ತಿದ್ದೆ. ಆದರೂ ಗಾರೆ ಮೆತ್ತಿದೆವು, ಸುಣ್ಣ ಹೊಡೆದೆವು, ಅರಳಿ ಗಿಡವನ್ನು ಬೇರುಸಹಿತ ತೆಗೆದೆವು. ನಮಗೇ ರೇಟು ಏರುತ್ತದೆ ಎಂದು ಗೊತ್ತಿದ್ದೂ ಕೈ ಸುಮ್ಮನಿರಲಿಲ್ಲ. ಅಮೀರ್ ಸಾಬರಾಗಲಿ ನೂರಕ್ಕನಾಗಲಿ ಮಾತು ತಪ್ಪಲಿಲ್ಲ.

ನನ್ನ ಕೆಲಸ ಖಾಯಂ ಆಗಿ, ಕಿಕ್ಕೇರಿಗೆ ಪೋಸ್ಟಿಂಗ್ ಆಗಿ, ಬ್ಯಾಂಕಿನವರು ನೀರಿನ ಬದಲು ಕಾಫಿ ಕೊಡುವ ಹೊತ್ತಿಗೆ ಕೆಲವು ವರ್ಷವೇ ಕಳೆದಿತ್ತು. ಕ್ರಯಪತ್ರ ಬರೆಸಿದ್ದು ಹೋದ ತಿಂಗಳು. ಅಮೀರ್ ಸಾಬರು, ನೂರಕ್ಕ, ಮಹೇಶ, ನಾನು, ನಾಲ್ವರೂ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು. ಪತ್ರ ಬರಹಗಾರರು ಕನ್ನಡಕದ ಮೇಲಿನಿಂದ ಅಮೀರ್ ಸಾಬರನ್ನು ನೋಡಿ, "ಮನೆ ಸ್ವಾಧೀನ ಯಾವತ್ತು ಬಿಟ್ಟುಕೊಟ್ರಿ ಅಂತ ಬರೀಲಿ?" ಎಂದು ಕೇಳಿದರು.

"ಬುಟ್ಟುಕೊಡೋದೆಲ್ಲಿ ಬಂತು ಸ್ವಾಮಿ?" ಅಂದರು ಅಮೀರ್ ಸಾಬರು. "ಅದುನ್ನ ಇವ್ರು ಯಾವತ್ತೋ ತಗಂಡ್ಬುಟ್ಟವ್ರೆ. ನಾವು ಈಗ ಕಾಗ್ದ ಕೊಡ್ತಾ ಇದ್ದೀವಿ, ಅಷ್ಟೆಯ."

ನೂರಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಹೇಶ ನನ್ನ ಕೈ ಹಿಡಿದುಕೊಂಡ, ಅಷ್ಟು ಜನರ ಎದುರಿಗೆ. ಹಾಗೆಲ್ಲ ಬರೆಯಲು ಕಾನೂನಿನಲ್ಲಿ ಬರುವುದಿಲ್ಲ ಎಂದು ಬರಹಗಾರರು ಸಿಡುಕಿ, "ಈ ದಿನ ಸ್ವಾಧೀನ ಕೊಟ್ಟಿರುತ್ತೇವೆ" ಎಂದು ಬರೆದರು. ನಾನು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ರುಜು ಹಾಕಿದೆ. ಅದರಲ್ಲಿ ಅದೊಂದೇ ಸುಳ್ಳು.